ಎಡಕ್ಕೆ ನೋಡುವ ನಾಯಿ

ಸುಲ್ಮಾ ಎಚೆನೀಕೆಯ ಹೊಟ್ಟೆಕಿಚ್ಚು ಇವತ್ತು ನಿನ್ನೆಯದಲ್ಲ. ಅವಳ ತಂಗಿಗೆ ಗುಂಗುರು ಕೂದಲು, ಇವಳದು ಪೊರಕೆಕಡ್ಡಿಯ ಹಾಗೆ ನೆಟ್ಟಗೆ. ಹುಡುಗಿಯಾಗಿದ್ದಾಗ ಒಂದು ಮಧ್ಯಾಹ್ನ, ತಂಗಿ ಮಲಗಿದ್ದನ್ನು ನೋಡಿ ಒಂದು ಗುಂಗುರನ್ನು ಕಚಕ್ಕನೆ ಕತ್ತರಿಸಿದಳಂತೆ. ಆಮೇಲೆ ಅದನ್ನು ಎಲ್ಲಿ ಬಚ್ಚಿಡುವುದೆಂದು ತೋಚದೆ ಬಾಯಿಗೆ ಹಾಕಿಕೊಂಡಳಂತೆ. ನಾಲ್ಕು ಜನ ಸೇರಿದಲ್ಲೆಲ್ಲ ತಂಗಿ ಈ ಕಥೆ ಹೇಳುವಳು. ಸುಲ್ಮಾ ಅಲ್ಲಗಳೆಯುತ್ತಿರಲಿಲ್ಲ. "ಅವಳಿಗೆ ತಲೆ ತುಂಬ ಇತ್ತಲ್ಲ, ಒಂದು ಹೋದ್ರೆ ಅವಳ ಗಂಟೇನು ಹೋಯ್ತು?" ಎನ್ನುತ್ತಿದ್ದಳು.

ಮಾಂಟೆವಿಡಿಯೋದ ನಮ್ಮ ಬಡಾವಣೆಯಲ್ಲಿ ಅವಳನ್ನು ಅರಿಯದವರಿಲ್ಲ. ನಾವು ಅರ್ಧಕ್ಕರ್ಧ ಮಂದಿ ಶಾಲೆಗೆ ಹೋದದ್ದೇ ಅವಳು ಹೊಲಿದ ಬಿಳಿ ನಿಲುವಂಗಿ ತೊಟ್ಟು, ಅವಳು ಕಟ್ಟಿಕೊಟ್ಟ ನೀಲಿ ರಿಬ್ಬನ್ನನ್ನು ಕುತ್ತಿಗೆಗೆ ಬಿಗಿದುಕೊಂಡು. ಗಂಡ ದಾರ್ದೋ ಬಂದರಿನಲ್ಲಿ ಗುಮಾಸ್ತ. ಒಳ್ಳೆಯವನು, ಮಾತು ಕಮ್ಮಿ, ಬೇಗನೆ ಹೋಗಿಬಿಟ್ಟ. ಮಕ್ಕಳಿಲ್ಲ. ಅವನು ಬಿಟ್ಟುಹೋದದ್ದು ಒಂದು ದೊಡ್ಡ ಹಳೆಯ ಮನೆ. ನಡುವೆ ಅಂಗಳ, ಅಂಗಳದ ಮೇಲೆ ಗಾಜಿನ ಛಾವಣಿ, ಸುತ್ತಲೂ ಎತ್ತರದ ಬಾಗಿಲುಗಳ ಕೋಣೆಗಳು. ಆ ಕೋಣೆಗಳನ್ನು ತುಂಬುವುದೇ ಅವಳ ಉಳಿದ ಬಾಳಿನ ಕೆಲಸವಾಯಿತು. ತುಂಬುವುದೆಂದರೆ ಹಳೆಯ ಸಾಮಾನಿನಿಂದ. ಹೊಸ ಕುರ್ಚಿ, ಹೊಸ ದೀಪ ಕಂಡರೆ "ಆಸ್ಪತ್ರೆ ಸಾಮಾನು" ಎಂದು ಮೂಗು ಮುರಿಯುತ್ತಿದ್ದಳು.

ಹಳೆಯದು ಬೇಕಾದವರು ಭಾನುವಾರ ತ್ರಿಸ್ತಾನ್ ನರ್ವಾಹಾ ಬೀದಿಯ ಸಂತೆಗೆ ಹೋಗಬೇಕು. ಮುಖ್ಯ ಬೀದಿಯ ತರಕಾರಿ, ಮೀನು, ಪಂಜರದ ಹಕ್ಕಿಗಳನ್ನು ದಾಟಿ ಅಡ್ಡಬೀದಿಗಳಿಗೆ ಹೊಕ್ಕರೆ ನೆಲದ ಮೇಲೆ ಕಂಬಳಿ ಹಾಸಿ, ಅದರ ಮೇಲೆ ತೀರಿಹೋದವರ ಮನೆಯ ಸಾಮಾನನ್ನು ಹರವಿಕೊಂಡು ಕೂತಿರುತ್ತಾರೆ. ಅಲ್ಲಿ ಒಂದು ಕಟ್ಟಳೆ ಉಂಟು. ಯಾರ ಕೈ ಮೊದಲು ವಸ್ತುವಿನ ಮೇಲೆ ಬಿತ್ತೋ, ಆ ಕೈ ಏಳುವವರೆಗೆ ಇನ್ನೊಬ್ಬರು ಬೆಲೆ ಕೇಳುವ ಹಾಗಿಲ್ಲ. ಸುಲ್ಮಾ ಈ ಕಟ್ಟಳೆಯನ್ನು ಚೆನ್ನಾಗಿ ಬಲ್ಲವಳು. ಅಂಗೈ ಅಗಲಿಸಿ ಏಕಕಾಲಕ್ಕೆ ಎರಡು ಮೂರು ವಸ್ತುಗಳ ಮೇಲೆ ಊರಿ ನಿಲ್ಲುತ್ತಿದ್ದಳು. "ದೋನ್ಯಾ, ಅದೇನು ಪಿಯಾನೋ ನುಡಿಸ್ತಿದ್ದೀರಾ?" ಎಂದು, ಹೆಂಗಸರಿಗೆ ಸಲ್ಲುವ ಆ ಗೌರವದ ಕರೆ ಸೇರಿಸಿಯೇ, ವ್ಯಾಪಾರಿಗಳು ಛೇಡಿಸುತ್ತಿದ್ದರು.

ನೆಲ್ವಾ ಸಿಕ್ಕಿದ್ದೂ ಅಲ್ಲೇ. ಪಿಂಗಾಣಿಯ ಸೂಪು ಬೋಗುಣಿಯೊಂದರ ಮುಚ್ಚಳದ ಮೇಲೆ ಸುಲ್ಮಾಳ ಕೈ ಬಿದ್ದ ಗಳಿಗೆಯಲ್ಲೇ ಇನ್ನೊಬ್ಬ ಹೆಂಗಸಿನ ಕೈ ಬೋಗುಣಿಯ ಹಿಡಿಯ ಮೇಲಿತ್ತು. ಇಬ್ಬರೂ ಬಿಡರು.

"ಮುಚ್ಚಳ ಇದ್ದೋರದೇ ಪಾತ್ರೆ," ಎಂದಳು ಸುಲ್ಮಾ.

"ಯಾವ ಊರಿನ ನ್ಯಾಯಾನಮ್ಮ ಇದು? ಟೋಪಿ ಹಿಡಿದೋರಿಗೆ ಗಂಡ ಸಿಗ್ತಾನಾ?" ಎಂದಳು ಆ ಹೆಂಗಸು, ಗೊಗ್ಗರು ಗಂಟಲಲ್ಲಿ.

ಸುತ್ತಲಿದ್ದವರೆಲ್ಲ ಗೊಳ್ಳೆಂದರು. ಸುಲ್ಮಾಗೂ ನಗು ತಡೆಯಲಿಲ್ಲ. ಕೊನೆಗೆ ಆ ಹೆಂಗಸೇ ಕೈ ತೆಗೆದು, "ತಗೊಳ್ಳಮ್ಮ ನೀನೇ, ನಂಗೆ ಸೂಪು ಸೇರಲ್ಲ," ಎಂದು ಬಗಲಲ್ಲಿದ್ದ ಫ್ಲಾಸ್ಕಿನಿಂದ ಬಿಸಿನೀರು ಸುರಿದು ಸೋರೆಬುರುಡೆಯಲ್ಲಿ ನಮ್ಮವರೆಲ್ಲ ಕುಡಿಯುವ ‘ಮಾತೆ’ ಎಲೆಯ ಕಷಾಯ ಕೊಟ್ಟಳು. ಅವಳೇ ನೆಲ್ವಾ ಪಿರಿಸ್. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು, ಮದುವೆಯಾಗದವಳು. ಅಂದಿನಿಂದ ಭಾನುವಾರವೆಂದರೆ ಅವರಿಬ್ಬರೂ ತೋಳಿಗೆ ತೋಳು ಕೊಟ್ಟುಕೊಂಡು ನಡೆಯುವ ದಿನವಾಯಿತು. ಸುಲ್ಮಾ ಮೋಸಹೋಗಿ ಏನಾದರೂ ಕೊಂಡರೆ ನೆಲ್ವಾ ದಾರಿಯುದ್ದಕ್ಕೂ ಬೈಯುವಳು. ಒಬ್ಬಳು ಕಂಡರೆ ಸಾಕು, ವ್ಯಾಪಾರಿಗಳು ಇನ್ನೊಬ್ಬಳೆಲ್ಲಿ ಎಂದು ಕೇಳುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನೆಲ್ವಾ ಒಂದು ಸಂಜೆ ಇವಳನ್ನು ಮನೆಗೆ ಕರೆದಳು.

ಮನೆಯೇನು, ಔಷಧಿ ಅಂಗಡಿಯ ಮಾಳಿಗೆಯಲ್ಲಿ ಎರಡು ಕೋಣೆ. ಸುಲ್ಮಾಳ ಅಂಗಳದಲ್ಲಿ ಇಟ್ಟರೆ ಎರಡೂ ಮುಳುಗಿಹೋಗುತ್ತಿದ್ದವು. ಅಲ್ಲಿದ್ದದ್ದಾದರೂ ಏನು? ಒಂದು ದುಂಡು ಮೇಜು, ನಿಂತುಹೋದ ಒಂದು ರೈಲ್ವೆ ಗಡಿಯಾರ, ಕಿಟಕಿಯಲ್ಲಿ ನಾಲ್ಕು ನೀಲಿ ಸೀಸೆ. ಬಿಸಿಲು ಸೀಸೆಗಳನ್ನು ಹಾಯ್ದು ಮೇಜಿನ ಮೇಲೆ ಬಿದ್ದಿತ್ತು. ಸುಲ್ಮಾ ಕೂತಳು, ಏಳಲು ಮನಸ್ಸೇ ಬರಲಿಲ್ಲ. ಅಲ್ಲೇ ಅವಳ ಹೊಟ್ಟೆಯೊಳಗೆ ಕಿಡಿ ಬಿತ್ತು. ತನ್ನ ಮನೆಗೆ ಬಂದವರು "ಅಬ್ಬಾ, ಎಷ್ಟೊಂದು ಸಾಮಾನು!" ಎನ್ನುತ್ತಾರೆ, ಎಲ್ಲಿ ತಾಗೀತೋ ಎಂದು ಮೊಣಕೈ ಒಳಗೆಳೆದುಕೊಂಡು ಕೂರುತ್ತಾರೆ. ಎಷ್ಟೊಂದು ಎನ್ನುವುದೂ ಒಂದು ಹೊಗಳಿಕೆಯೇ? ಗೋದಾಮು ನೋಡಿದರೂ ಹಾಗೇ ಅನ್ನುತ್ತಾರೆ. ಇಲ್ಲಿ ಬಂದವರು ಏನೂ ಅನ್ನುವುದಿಲ್ಲ, ಸುಮ್ಮನೆ ಕಾಲು ಚಾಚಿ ಕೂತುಬಿಡುತ್ತಾರೆ. ಮರುವಾರವೇ ಸುಲ್ಮಾ ಒಂದು ಬುಟ್ಟಿ ನೀಲಿ ಸೀಸೆ ಹೊತ್ತುತಂದು ತನ್ನ ಕಿಟಕಿಗಳ ತುಂಬ ಜೋಡಿಸಿದಳು. ನೋಡಿದರೆ ಸಾಕ್ಷಾತ್ ಔಷಧಿ ಅಂಗಡಿ! ಸಿಟ್ಟಿನಿಂದ ಎಲ್ಲವನ್ನೂ ಹಿತ್ತಿಲಿಗೆ ಹಾಕಿದಳು.

ಅಲ್ಲಿಂದ ಮುಂದೆ ಹಾಗೇ. ನೆಲ್ವಾ ಕಾಲು ಮುರಿದ ಸ್ಟೂಲು ತಂದರೂ ಅದು ಅಲ್ಲೇ ಹುಟ್ಟಿ ಬೆಳೆದದ್ದರಂತೆ ಕೂರುವುದು. ಸುಲ್ಮಾ ದೊಡ್ಡ ಕನ್ನಡಿ ತಂದರೂ ಅದು ನೆಂಟರ ಮನೆಗೆ ಬಂದವರಂತೆ ನಿಂತಿರುವುದು. ಬಾಯಲ್ಲಿ ಮಾತ್ರ "ಎಷ್ಟು ಮುದ್ದಾಗಿದೆಯೇ ನೆಲ್ವಾ!" ಎನ್ನುವಳು. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ, "ಅವಳಿಗೇನು ಕೋಡು ಮೂಡಿದೆಯಾ?" ಎಂದು ತನ್ನ ಕನ್ನಡಿಯನ್ನೇ ಕೇಳುವಳು.

ನೆಲ್ವಾಳ ಪ್ರಾಣವಿದ್ದದ್ದು ಒಂದು ನಾಯಿಯಲ್ಲಿ. ಪಿಂಗಾಣಿ ನಾಯಿ. ಹಿಂದೆ ನಮ್ಮಲ್ಲಿ ರೈಲು ನಡೆಸುತ್ತಿದ್ದ ಇಂಗ್ಲಿಷರು ತಮ್ಮ ಮನೆಗಳ ಬೆಂಕಿಗೂಡಿನ ಮೇಲೆ ಇಂಥ ನಾಯಿಗಳನ್ನು ಜೋಡಿಯಾಗಿ ಇಡುತ್ತಿದ್ದರು. ಬಿಳಿ ಮೈ, ಕೆಂಗಂದು ಕಿವಿ, ಕುತ್ತಿಗೆಗೆ ಚಿನ್ನದ ಬಣ್ಣದಲ್ಲಿ ಬರೆದ ಸರಪಣಿ. ಒಂದು ಎಡಕ್ಕೆ ನೋಡುತ್ತದೆ, ಇನ್ನೊಂದು ಬಲಕ್ಕೆ, ಎದುರುಬದುರಾಗಿ. ನೆಲ್ವಾಳ ಬಳಿ ಇದ್ದದ್ದು ಬಲಕ್ಕೆ ನೋಡುವುದು ಮಾತ್ರ. ಕಪಾಟಿನ ಮೇಲೆ ಅದು ಬರೀ ಗೋಡೆಯನ್ನು ದಿಟ್ಟಿಸುತ್ತಾ ಕೂತಿರುತ್ತಿತ್ತು. "ಅದರ ಜೊತೆಯದು ಸಿಗೋವರೆಗೂ ನಂಗೆ ನಿದ್ದೆ ಇಲ್ಲ ಕಣೇ," ಎನ್ನುತ್ತಿದ್ದಳು ನೆಲ್ವಾ. ಸಂತೆಯ ವ್ಯಾಪಾರಿಗಳಿಗೆಲ್ಲ ಹೇಳಿಟ್ಟಿದ್ದಳು. ಹೀಗೆ ಹೇಳಿಟ್ಟ ಮೇಲೆ ಅದಕ್ಕೂ ಒಂದು ಮರ್ಯಾದೆ ಇದೆ ನಮ್ಮ ಸಂತೆಯಲ್ಲಿ. ವಸ್ತು ಸಿಕ್ಕರೆ ಕಂಬಳಿಯ ಮೇಲೆ ಇಡದೆ ಕೆಳಗೆ ಎತ್ತಿಡುತ್ತಾರೆ, ಎರಡರಷ್ಟು ಕೊಡುತ್ತೇನೆಂದು ಬಂದವನಿಗೂ ಕೊಡುವುದಿಲ್ಲ. ವರ್ಷಗಳು ಕಳೆದರೂ ಆ ನಾಯಿ ಸಿಗಲಿಲ್ಲ. ಸುಲ್ಮಾಗೆ ಒಳಗೊಳಗೇ ಅದೊಂದು ಸಮಾಧಾನ. ಅವಳಿಗೂ ಒಂದು ಕೊರತೆ ಇರಲಿ ಎಂದು.

ಒಂದು ಚಳಿಗಾಲದ ಭಾನುವಾರ ನೆಲ್ವಾಗೆ ಜ್ವರ ಬಂದು ಸುಲ್ಮಾ ಒಬ್ಬಳೇ ಹೋದಳು. ಪೈಸಾಂಡೂ ಬೀದಿಯ ಮೂಲೆಯಲ್ಲಿ ಕೂರುವ ವಿಲ್ಮಾರ್ ದೂರದಿಂದಲೇ ಕೈ ಬೀಸಿದ.

"ದೋನ್ಯಾ ಸುಲ್ಮಾ! ಬನ್ನಿ ಬನ್ನಿ. ಎಲ್ಲಿ ನಿಮ್ಮ ಜೋಡಿ?"

"ಜ್ವರ ಅಂತೆ. ಮಲಗಿದ್ದಾಳೆ."

"ಅಯ್ಯೋ, ಇವತ್ತೇ ಮಲಗಬೇಕಿತ್ತಾ ಅವರು!" ಎಂದು ವಿಲ್ಮಾರ್ ಕಂಬಳಿಯ ಕೆಳಗಿಂದ ಹಳೆಯ ಸ್ವೆಟರಿನಲ್ಲಿ ಸುತ್ತಿದ್ದನ್ನು ತೆಗೆದು ಬಿಚ್ಚಿದ. ಬಿಳಿ ಮೈ, ಕೆಂಗಂದು ಕಿವಿ, ಚಿನ್ನದ ಸರಪಣಿ. ಎಡಕ್ಕೆ ನೋಡುತ್ತಿತ್ತು.

ಸುಲ್ಮಾಳ ಅಂಗೈ ಆಗಲೇ ಅದರ ಮೇಲಿತ್ತು. ಇದು ಆ ಕಪಾಟನ್ನು ಸೇರಿದರೆ ಮುಗಿಯಿತು, ಆ ಎರಡು ಕೋಣೆಗೆ ಇನ್ನು ಬೇಕಾದ್ದೇ ಇಲ್ಲ. ತನಗೆ ಮಾತ್ರ ಐದೈದು ಕೋಣೆ, ಗಾಜಿನ ಛಾವಣಿ, ಆದರೂ ಬಂದವರು ಮೊಣಕೈ ಒಳಗೆಳೆದುಕೊಂಡೇ ಕೂರಬೇಕು.

"ಯಾರಿಗೂ ತೋರಿಸಿಲ್ಲ. ಮುಂದಿನ ವಾರ ಅವರೇ ಬರ್ಲಿ, ಅವರ ಮುಖ ಅರಳೋದು ನೋಡೋಕೆ ನಂಗೂ ಸಿಗುತ್ತೆ," ಎಂದ ವಿಲ್ಮಾರ್.

"ಮುಂದಿನ ವಾರ ಯಾಕಪ್ಪಾ? ಪಾಪ, ಜ್ವರದಲ್ಲಿ ಮಲಗಿದ್ದಾಳೆ, ಇದನ್ನ ನೋಡಿದ್ರೆ ಎದ್ದು ಕೂರ್ತಾಳೆ. ಕೊಡು, ನಾನೇ ಒಯ್ದು ಕೊಡ್ತೀನಿ. ದುಡ್ಡು ಈಗಲೇ ತಗೋ."

ಮಾತು ಬಾಯಿಂದ ಬಿದ್ದೇಬಿಟ್ಟಿತು. ವಿಲ್ಮಾರ್ ಒಂದು ಗಳಿಗೆಯೂ ಯೋಚಿಸಲಿಲ್ಲ. ಅವರಿಬ್ಬರಲ್ಲಿ ಒಬ್ಬಳಿಗೆ ಕೊಟ್ಟರೆ ಇನ್ನೊಬ್ಬಳಿಗೆ ಕೊಟ್ಟ ಹಾಗೇ ಎಂದು ಇಡೀ ಸಂತೆಗೇ ಗೊತ್ತು. ಸ್ವೆಟರಿನ ಸಮೇತ ಸುತ್ತಿ ಕೊಟ್ಟ. "ಬೇಗ ಹುಷಾರಾಗಲಿ ಅಂತ ಹೇಳಿ," ಎಂದ.

ದಾರಿಯುದ್ದಕ್ಕೂ ಸುಲ್ಮಾ ಔಷಧಿ ಅಂಗಡಿಗೇ ಹೋಗುತ್ತಿದ್ದೇನೆ ಎಂದುಕೊಂಡಳು. ನಿಜವಾಗಿಯೂ ಹಾಗೇ ಅಂದುಕೊಂಡಳು. ಕಾಲುಗಳು ಮಾತ್ರ ತನ್ನ ಮನೆಯ ಕಡೆಗೆ ತಿರುಗಿದವು. ನಾಯಿಯನ್ನು ದಾರ್ದೋನ ಬೀರುವಿನಲ್ಲಿ, ಅವನ ಹಳೆಯ ಕೋಟುಗಳ ಹಿಂದೆ ಇಟ್ಟು ಬೀಗ ಹಾಕಿದಳು. ನಾಳೆ ಕೊಟ್ಟರಾಯಿತು ಎಂದಳು. ನಾಳೆಯೂ ಬಂತು, ನಾಡಿದ್ದೂ ಬಂತು.

ಆಮೇಲಿನ ಭಾನುವಾರಗಳೆಂದರೆ ದೇವರೇ ಗತಿ. ನೆಲ್ವಾ ಪೈಸಾಂಡೂ ಮೂಲೆಯತ್ತ ತಿರುಗಿದರೆ ಸಾಕು, ಸುಲ್ಮಾ "ಆ ಕಡೆ ಬೇಡವೇ, ಬರೀ ಗುಜರಿ," ಎಂದು ತೋಳು ಹಿಡಿದೆಳೆಯುವಳು. "ನಂಗೆ ಮಂಡಿ ನೋಯ್ತಿದೆ, ಇಲ್ಲೇ ಕೂತ್ಕೊಳ್ಳೋಣ," ಎನ್ನುವಳು. ಅನುಮಾನ ಬಾರದಿರಲೆಂದು ಆಗಾಗ ತಾನಾಗಿಯೇ, "ಇವತ್ತು ಸಿಕ್ಕರೂ ಸಿಗಬಹುದು ಕಣೇ ನಿನ್ನ ನಾಯಿ," ಎಂದು ಸೇರಿಸುವಳು. ನೆಲ್ವಾ "ಹೂಂ, ಸಿಗಬಹುದು," ಎನ್ನುವಳು.

ಮನೆಯಲ್ಲಾದರೂ ಸುಖ ಉಂಟೇ? ಹಳೆಯ ಸಾಮಾನು ಬೇಟೆಯಾಡುವವರ ಅರ್ಧ ಸುಖ ತೋರಿಸಿಕೊಳ್ಳುವುದರಲ್ಲಿ. ಎಲ್ಲಿ ಸಿಕ್ಕಿತು, ಎಷ್ಟಕ್ಕೆ ಬಗ್ಗಿಸಿದೆ ಎಂದು ನಾಲ್ಕು ಜನರ ಮುಂದೆ ಹೇಳದಿದ್ದರೆ ತಂದೇನು ಬಂತು? ಈ ನಾಯಿಯನ್ನು ಕಪಾಟಿನ ಮೇಲಿಡುವಂತಿಲ್ಲ. ಇಟ್ಟರೆ ಪ್ರತಿ ಗುರುವಾರ ಮನೆಗೆ ಬರುವ ನೆಲ್ವಾಳ ಕಣ್ಣಿಗೆ ಬೀಳುತ್ತದೆ. ಒಬ್ಬಳೇ ಇದ್ದಾಗ ಕಿಟಕಿ ಮುಚ್ಚಿ ಬೀರು ತೆಗೆದು ನೋಡುವಳು. ಅದು ದಾರ್ದೋನ ಕೋಟಿನ ಗುಂಡಿಯನ್ನು ದಿಟ್ಟಿಸುತ್ತಿರುವುದು. ಅದನ್ನು ಕಂಡಾಗಲೂ ಅವಳಿಗೆ ಹೊಳೆಯುತ್ತಿದ್ದದ್ದು ಒಂದೇ. ಇದು ನೆಲ್ವಾಳ ಮನೆಯಲ್ಲಿದ್ದಿದ್ದರೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಕದ್ದ ಮೇಲೂ ಕರುಬು ತೀರಲಿಲ್ಲ ನೋಡಿ.

ನೆಲ್ವಾಳ ಹುಟ್ಟುಹಬ್ಬ ಬಂತು. ಆ ದಿನ ನೆಲ್ವಾ ತಾನೇ ಗೆಣಸಿನ ಹಲ್ವ ಮಾಡಿ ಸುಲ್ಮಾಳನ್ನು ಕರೆದು, ಅವಳ ಕೈಚೀಲದತ್ತ ಒಂದು ಬಗೆಯಾಗಿ ನೋಡುತ್ತಿದ್ದಳು. ಸುಲ್ಮಾ ಚೀಲದಿಂದ ಒಂದು ಕಸೂತಿ ಕರವಸ್ತ್ರ ತೆಗೆದು ಕೊಟ್ಟಳು. ನೆಲ್ವಾ ಅದನ್ನು ಬಿಡಿಸಿ ನೋಡಿ, ಮತ್ತೆ ಮಡಚಿ, "ಚೆನ್ನಾಗಿದೆ," ಎಂದಳು. ಅಷ್ಟೇ.

ವಸಂತ ಕಾಲಿಟ್ಟಿತ್ತು. ಒಂದು ಮಧ್ಯಾಹ್ನ, ಗುರುವಾರವೂ ಅಲ್ಲ ಏನಲ್ಲ, ನೆಲ್ವಾ ಬಂದು ಬಾಗಿಲು ಬಡಿದಳು. ಕೈಯಲ್ಲಿ ಕಾಗದದ ಪೊಟ್ಟಣ. ಅಂಗಳದ ಮೇಜಿನ ಮೇಲಿಟ್ಟು ಬಿಚ್ಚಿದಳು. ಬಲಕ್ಕೆ ನೋಡುವ ನಾಯಿ.

"ಇದನ್ನ ಯಾಕೆ ಹೊತ್ಕೊಂಡು ಬಂದೆಯೇ?" ಎಂದಳು ಸುಲ್ಮಾ.

"ಇನ್ನೊಂದನ್ನ ತಗೊಂಡು ಬಾ. ಎಲ್ಲಿ ಬಚ್ಚಿಟ್ಟಿದ್ದೀಯೋ ಅಲ್ಲಿಂದ."

"ಯಾರು ಹೇಳಿದ್ರು?"

"ಇನ್ಯಾರು? ವಿಲ್ಮಾರ್. ನಾನು ಜ್ವರ ಬಿಟ್ಟು ಎದ್ದುಬಂದ ಮೊದಲನೇ ಭಾನುವಾರವೇ. ನೀನು ಬಿಸಿ ರೊಟ್ಟಿ ತರೋಕೆ ಹೋಗಿದ್ದೆ. ಹಲ್ಲು ಕಿರೀತಾ ಬಂದು, 'ದೋನ್ಯಾ ನೆಲ್ವಾ, ಜೋಡಿ ಹೇಗೆ ಕಾಣುತ್ತೆ?' ಅಂದ. 'ಬಲು ಚೆನ್ನಾಗಿ ಕಾಣುತ್ತಪ್ಪಾ' ಅಂದೆ. ಇನ್ನೇನು ಹೇಳ್ಲಿ? ಸಂತೆ ನಡುವೆ ನಿನ್ನ ಮಾನ ಕಳೀಲಾ?"

"ಆಗಿನಿಂದ ಗೊತ್ತಿದ್ದೂ ಸುಮ್ಮನಿದ್ದೆಯಾ? ನನ್ನನ್ನ ಕೇಳೋಕೆ ಬಾಯಿರಲಿಲ್ವಾ ನಿಂಗೆ?" ಸುಲ್ಮಾಳ ಮೈ ಉರಿದುಹೋಯಿತು. ತಪ್ಪು ತನ್ನದೇ ಆದಾಗ ಅವಳಿಗೆ ಸಿಟ್ಟು ಮೊದಲು ಬರುವುದು.

"ಹುಟ್ಟುಹಬ್ಬಕ್ಕೆ ಕೊಡೋಕೆ ಇಟ್ಕೊಂಡಿದ್ದಾಳೆ ಅಂದ್ಕೊಂಡೆ ಕಣೇ. ದಡ್ಡಿ ಥರ ಸಡಗರದಲ್ಲಿ ಹಲ್ವ ಬೇರೆ ಮಾಡಿದ್ದೆ."

"ನಿಂಗೆ ಎಲ್ಲಾ ಇದೆ ನೆಲ್ವಾ! ನೀನು ಮುಟ್ಟಿದ್ದೆಲ್ಲ ಚೆಂದ. ನಿಂಗಿಲ್ಲದ್ದು ಒಂದಾದ್ರೂ ನನ್ನ ಹತ್ರ ಇರ್ಲಿ ಅಂತ ಅನ್ನಿಸ್ತು. ಹೊಟ್ಟೆಕಿಚ್ಚು! ಹೌದು, ಹೊಟ್ಟೆಕಿಚ್ಚೇ. ಸಾಕಾ?"

ನೆಲ್ವಾ ತಲೆಯೆತ್ತಿ ಗಾಜಿನ ಛಾವಣಿಯನ್ನು ನೋಡಿದಳು. ಬಿಸಿಲು ಅಂಗಳದ ತುಂಬ ಸುರಿಯುತ್ತಿತ್ತು. "ನಂಗೂ ಈ ಅಂಗಳ ನೋಡಿದಾಗೆಲ್ಲ ಹೊಟ್ಟೆ ಉರೀತಿತ್ತು. ಅದಕ್ಕೇನೀಗ, ನಿನ್ನ ಛಾವಣಿ ಕಿತ್ಕೊಂಡು ಹೋದ್ನಾ?"

ಸುಲ್ಮಾ ಬೀರುವಿನಿಂದ ಆ ನಾಯಿಯನ್ನು ತಂದಳು. ಎರಡನ್ನೂ ಮೇಜಿನ ಮೇಲೆ ಎದುರುಬದುರು ಇಟ್ಟರು. ಯಾವ ಮನೆಯ ಪಾಲಿನ ಜಗಳದಲ್ಲಿ ಬೇರೆಯಾದವೋ, ಈಗ ಒಂದರ ಮೂತಿಯನ್ನು ಇನ್ನೊಂದು ನೋಡುತ್ತಾ ಕೂತವು.

"ಇಲ್ಲೇ ಇರ್ಲಿ ಎರಡೂ," ಎಂದು ನೆಲ್ವಾ ಎದ್ದಳು. "ನಾಯಿ ಹೋದದ್ದಕ್ಕೆ ನಂಗೆ ಬೇಜಾರಿಲ್ಲ. ಪಕ್ಕದಲ್ಲೇ ನಡೀತಾ, 'ಇವತ್ತು ಸಿಗಬಹುದು ಕಣೇ ನಿನ್ನ ನಾಯಿ' ಅಂತಿದ್ದೆಯಲ್ಲ, ಅದು. ಅದನ್ನ ಯಾಕೆ ಅಂತಿದ್ದೆ ಸುಲ್ಮಾ? ನಾನೇನು ಕೇಳಿದ್ನಾ?"

ಸುಲ್ಮಾ ಪೊಟ್ಟಣದ ಕಾಗದವನ್ನು ಮಡಚತೊಡಗಿದಳು.

"ಇನ್ಮೇಲೆ ಭಾನುವಾರ ನನಗೋಸ್ಕರ ಕಾಯಬೇಡ," ಎಂದು ಹೇಳಿ ನೆಲ್ವಾ ಹೊರಟುಹೋದಳು.

ಮೊದಮೊದಲು ಸುಲ್ಮಾ ಬಿಗುಮಾನದಿಂದ ಇದ್ದಳು. ಹೋದರೆ ಹೋಗಲಿ, ಅವಳಿಲ್ಲದಿದ್ದರೆ ಬೆಳಗಾಗುವುದಿಲ್ಲವೇ? ಜೋಡಿ ನಾಯಿಗಳನ್ನು ಹಜಾರದ ಕಪಾಟಿನ ನಡುಮಧ್ಯೆ ಇಟ್ಟಳು. ತಂಗಿಯನ್ನು ಕರೆದು ತೋರಿಸಿದಳು. "ಅಬ್ಬಾ, ಇನ್ನೆರಡು ಬಂತಾ?" ಎಂದಳು ತಂಗಿ. ಸಂತೆಗೆ ಒಬ್ಬಳೇ ಹೋದಳು. ಎಲ್ಲರದೂ ಒಂದೇ ಪ್ರಶ್ನೆ, ಎಲ್ಲಿ ನಿಮ್ಮ ಜೋಡಿ ಎಂದು. ಒಂದು ವಾರ ಶೀತ ಎಂದಳು, ಒಂದು ವಾರ ಊರಿಗೆ ಹೋಗಿದ್ದಾಳೆ ಎಂದಳು. ಒಳ್ಳೆಯ ತಟ್ಟೆಯೊಂದನ್ನು ಕಂಡು "ನೋಡೇ ಇಲ್ಲಿ" ಎಂದು ಪಕ್ಕಕ್ಕೆ ತಿರುಗಿದರೆ, ಅಲ್ಲಿ ಯಾರೋ ಗಂಡಸು ಈರುಳ್ಳಿ ಚೀಲ ಹೊತ್ತು ನಿಂತಿದ್ದ. ಆ ದಿನ ಏನೂ ಕೊಳ್ಳದೆ ಬಂದುಬಿಟ್ಟಳು. ಮನೆಯಲ್ಲಿ ನಾಯಿಗಳು ಒಂದನ್ನೊಂದು ನೋಡುತ್ತಿದ್ದವು. ಅವಕ್ಕೂ ಅವಳಿಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬಿ.

ಕಡೆಗೊಂದು ಭಾನುವಾರ ಎರಡು ನಾಯಿಗಳನ್ನೂ ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಎರಡನ್ನೂ ಅವಳ ಕೈಗೆ ಹಾಕಿ, ತಪ್ಪಾಯ್ತು ಕಣೇ ಎಂದುಬಿಡುವುದು. ಅಷ್ಟೇ ಯೋಚನೆ. ಅಡ್ಡಬೀದಿಯಲ್ಲಿ ನೆಲ್ವಾ ಕಂಡೂ ಕಂಡಳು. ಒಬ್ಬಳೇ ಇರಲಿಲ್ಲ. ಅವಳ ತೋಳಿಗೆ ತೋಳು ಕೊಟ್ಟು ಇನ್ನೊಬ್ಬ ಹೆಂಗಸು ನಿಂತಿದ್ದಳು. ಔಷಧಿ ಅಂಗಡಿಯ ಪಕ್ಕಕ್ಕೆ ಹೊಸದಾಗಿ ಬಂದವಳು, ದಂತವೈದ್ಯನೊಬ್ಬನ ವಿಧವೆ, ಬೆಲ್ಕಿಸ್. ಕೆಂಪು ಟೋಪಿ ಬೇರೆ.

ಸುಲ್ಮಾಳ ಹೊಟ್ಟೆಯೊಳಗೆ ಹೊತ್ತಿಕೊಂಡದ್ದು ಸೀಸೆಗೂ ಅಲ್ಲ, ಸ್ಟೂಲಿಗೂ ಅಲ್ಲ. ಇಷ್ಟು ವರ್ಷ ಅವಳಿಗೆ ಇಂಥ ಉರಿ ಗೊತ್ತಿರಲಿಲ್ಲ.

ಹತ್ತಿರ ಹೋಗಿ, "ನೆಲ್ವಾ," ಎಂದಳು.

ನೆಲ್ವಾ ತಿರುಗಿ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಟ್ಟಳು, ಅಕ್ಕಪಕ್ಕದವರಿಗೆ ಇಡುವ ಹಾಗೆ. "ಚೆನ್ನಾಗಿದ್ದೀಯಾ ಸುಲ್ಮಾ? ಮಂಡಿನೋವು ಹೇಗಿದೆ?"

"ಇದನ್ನ ತಂದಿದ್ದೀನಿ. ಎರಡೂ ನಿನ್ನವೇ. ತಪ್ಪಾಯ್ತು ಕಣೇ, ತಗೋ." ಚೀಲವನ್ನು ಮುಂದೆ ಚಾಚಿದಳು.

ನೆಲ್ವಾ ಟವಲಿನ ಅಂಚು ಸರಿಸಿ ನೋಡಿದಳು. ಎರಡು ಮೂತಿಗಳ ಮೇಲೂ ಬೆರಳಾಡಿಸಿದಳು. ಮತ್ತೆ ಮುಚ್ಚಿದಳು. "ಬೇಡ. ನಿಮ್ಮ ಮನೇಲೇ ಇರ್ಲಿ, ಅಲ್ಲಿ ಬೆಳಕು ಚೆನ್ನಾಗಿದೆ," ಎಂದಳು. ಸಿಟ್ಟಿನಿಂದಲ್ಲ, ಬಹಳ ಸೌಜನ್ಯದಿಂದ.

ಅಷ್ಟರಲ್ಲಿ ಬೆಲ್ಕಿಸ್ ಒಂದು ಸಕ್ಕರೆ ಡಬ್ಬಿಯನ್ನು ಕೇಳಿದಷ್ಟು ಕೊಟ್ಟು ಕೊಂಡುಬಿಟ್ಟಿದ್ದಳು. ನೆಲ್ವಾ ಅದನ್ನು ಕಂಡದ್ದೇ ತಡ, ಗೊಗ್ಗರು ಗಂಟಲು ಬಿಚ್ಚಿಕೊಂಡಿತು.

"ಅಯ್ಯೋ ನಿನ್ನ ಮುಖಕ್ಕೆ! ಮುಚ್ಚಳ ಬೇರೆಯದು, ಕಾಣಲ್ವೇನೇ ನಿಂಗೆ? ಕಣ್ಣೇನು ಜೇಬಲ್ಲಿಟ್ಕೊಂಡಿದ್ದೀಯಾ? ಇವನು ಬಾಯಿಗೆ ಬಂದಿದ್ದು ಹೇಳ್ದ, ಇವಳು ಕೊಟ್ಟುಬಿಟ್ಲು! ನಡಿ ಮುಂದೆ, ನಿನ್ನನ್ನ ಕಟ್ಕೊಂಡು ನಾನು ಉದ್ಧಾರ ಆದ ಹಾಗೇ!"

ಬೆಲ್ಕಿಸ್ ನಗುತ್ತಾ ಅವಳ ತೋಳಿಗೆ ಜೋತುಬಿದ್ದಳು. ಇಬ್ಬರೂ ಜನರ ನಡುವೆ ನಡೆದುಹೋದರು. ನೆಲ್ವಾ ಬೈಯುತ್ತಲೇ ಇದ್ದಳು, ಮುಂದಿನ ಕಂಬಳಿಯವರೆಗೂ, ಅದರಾಚೆಗೂ.

ಸುಲ್ಮಾ ಚೀಲವನ್ನು ಎದೆಗವಚಿಕೊಂಡು, ಆ ಗಂಟಲು ಕೇಳಿಸುವಷ್ಟು ಹೊತ್ತೂ ಅಲ್ಲೇ ನಿಂತಿದ್ದಳು. ಅವಳಿಗೆ ನಾಯಿಗಳು ಬೇಕಿರಲಿಲ್ಲ. ಆ ಬೈಗುಳ ಬೇಕಿತ್ತು.